ಒಂದು ಪಾತ್ರಕ್ಕೆ ಎಷ್ಟು ಕಸುಬು?

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರರಿಗೂ ಒಂದು ಪಾತ್ರವಿರುತ್ತದೆ. ಆ ಪಾತ್ರ ಕತ್ತಿವರಸೆ ಕಲಿಯಬಹುದು, ಮಂತ್ರವಿದ್ಯೆ ಕಲಿಯಬಹುದು, ಗಾಯ ಮಾಯಿಸುವುದನ್ನೋ ಕಮ್ಮಾರಿಕೆಯನ್ನೋ ಮೀನು ಹಿಡಿಯುವುದನ್ನೋ ರೂಢಿಸಿಕೊಳ್ಳಬಹುದು. ಸಾವಿರಾರು ಜನ ಒಂದೇ ಕಲ್ಪಿತ ಲೋಕದಲ್ಲಿ ಕೂಡಿ ಆಡುವಾಗ ಆಟ ಕಟ್ಟುವವರು ಒಂದು ವಿಷಯ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಒಂದೇ ಪಾತ್ರ ಇವನ್ನೆಲ್ಲ ಕಲಿಯಲು ಬಿಡಬೇಕೋ, ಇಷ್ಟೇ ಎಂದು ಗೆರೆ ಎಳೆಯಬೇಕೋ? ಬಿಟ್ಟರೆ ಎಲ್ಲರೂ ಎಲ್ಲವನ್ನೂ ಕಲಿತು ಯಾರಿಗೂ ಯಾರೂ ಬೇಡವಾಗಬಹುದು. ಗೆರೆ ಎಳೆದರೆ ಆಟಗಾರರು ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ತಪ್ಪು ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ಈ ಪ್ರಶ್ನೆ ಆನ್‌ಲೈನ್ ಆಟಗಳಿಗಿಂತ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಆಡುವ ಆಟ. ಅದರಲ್ಲಿ ಯೋಧ, ಮಾಂತ್ರಿಕ, ಅರ್ಚಕ ಎಂಬ ಮೂರು ವರ್ಗಗಳಿದ್ದವು. ಆಟಕ್ಕೆ ಕೂರುವ ಮೊದಲೇ ಒಂದನ್ನು ಆರಿಸಿಕೊಳ್ಳಬೇಕಿತ್ತು, ಮಿಕ್ಕಿದ್ದೆಲ್ಲ ಆ ಆಯ್ಕೆಯಿಂದ ಹುಟ್ಟುತ್ತಿತ್ತು. ನಾಲ್ಕೇ ವರ್ಷಗಳಲ್ಲಿ ಇದಕ್ಕೆ ಎದುರು ಮಾದರಿ ಬಂತು. 1978ರ ‘ರೂನ್‌ಕ್ವೆಸ್ಟ್’ ಆಟದಲ್ಲಿ ವರ್ಗಗಳೇ ಇರಲಿಲ್ಲ, ಯಾವ ಕೌಶಲವನ್ನು ಬಳಸುತ್ತ ಹೋಗುತ್ತಾರೋ ಅದು ಬೆಳೆಯುತ್ತಿತ್ತು. ಅದೇ ವರ್ಷ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಬರೆಯಲು ತೊಡಗಿ, ಮುಂದೆ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಅಕ್ಷರಗಳಷ್ಟೇ ಇದ್ದ ಆಟವು ಹಲವರು ಒಂದೇ ಕಂಪ್ಯೂಟರಿಗೆ ಸೇರಿ ಆಡುವ ದಾರಿ ತೆರೆಯಿತು. ಇಂದಿನ ಆನ್‌ಲೈನ್ ಆಟಗಳಲ್ಲಿ ಈ ಮೂರು ತೊರೆಗಳೂ ಕೂಡಿವೆ.

ಏಳುನೂರು ಅಂಕಗಳ ಲೋಕ

ಮಿತಿಯ ಲೆಕ್ಕವನ್ನು ಅರಿಯಲು 1997ರಲ್ಲಿ ಅಮೆರಿಕದ ಒರಿಜಿನ್ ಸಂಸ್ಥೆ ಬಿಡುಗಡೆ ಮಾಡಿದ ‘ಅಲ್ಟಿಮಾ ಆನ್‌ಲೈನ್’ ಒಳ್ಳೆಯ ಉದಾಹರಣೆ. ಅದರಲ್ಲಿ ವರ್ಗಗಳಿರಲಿಲ್ಲ. ಬಡಗಿತನ, ದರ್ಜಿ ಕೆಲಸ, ಮೀನುಗಾರಿಕೆ, ಪ್ರಾಣಿ ಪಳಗಿಸುವುದು, ಮಂತ್ರ, ಕಳ್ಳತನ ಹೀಗೆ ಹತ್ತಾರು ಕೌಶಲಗಳು ಎಲ್ಲರಿಗೂ ತೆರೆದಿದ್ದವು. ಒಂದೊಂದರಲ್ಲೂ ಗಳಿಸಬಹುದಾದ ಗರಿಷ್ಠ ಅಂಕ 100, ಎಲ್ಲ ಸೇರಿ ಒಂದು ಪಾತ್ರಕ್ಕೆ 700. ಅಂದರೆ ಏಳು ಕೌಶಲಗಳಲ್ಲಿ ನಿಪುಣತೆ ಪಡೆದರೆ ಎಂಟನೆಯದಕ್ಕೆ ಜಾಗವಿಲ್ಲ. ಹೊಸದನ್ನು ಕಲಿಯಬೇಕಾದರೆ ಹಳೆಯದೊಂದು ಇಳಿಯಬೇಕು.

ಕೌಶಲಗಳು 50 ಇವೆ ಎಂದುಕೊಂಡರೆ ಅವುಗಳಲ್ಲಿ ಏಳನ್ನು ಆರಿಸುವ ವಿಧಾನಗಳು 9,98,84,400. ಹತ್ತು ಕೋಟಿಗೆ ಸ್ವಲ್ಪವೇ ಕಡಿಮೆ. ಇಷ್ಟೊಂದು ಬಗೆಯ ಪಾತ್ರಗಳು ಸಾಧ್ಯವಿರುವ ಲೋಕದಲ್ಲಿ ಇಬ್ಬರು ಒಂದೇ ಥರ ಇರುವುದು ಅಪರೂಪವಾಗಬೇಕು. ಆದರೆ ನಡೆದದ್ದು ಬೇರೆ. ಭಾರಿ ಆಯುಧದ ಪೆಟ್ಟನ್ನೂ ಮಂತ್ರದ ಪೆಟ್ಟನ್ನೂ ಒಂದೇ ಪಾತ್ರದಲ್ಲಿ ಸೇರಿಸಿಕೊಂಡವರು ಕಾಳಗಗಳಲ್ಲಿ ಗೆಲ್ಲತೊಡಗಿದರು. ಆಟಗಾರರು ಅವರನ್ನು ‘ಟ್ಯಾಂಕ್ ಮೇಜ್’ ಎಂದು ಕರೆದರು, ಬಹಳ ಜನ ಅದೇ ಅಚ್ಚಿನಲ್ಲಿ ಪಾತ್ರ ಎರಕ ಹೊಯ್ದುಕೊಂಡರು. ಮಿತಿ ಇತ್ತು, ಆಯ್ಕೆಗಳ ಸಂಖ್ಯೆ ಬೆಟ್ಟದಷ್ಟಿತ್ತು, ಆದರೂ ವೈವಿಧ್ಯ ನಿರೀಕ್ಷಿಸಿದಷ್ಟು ಬರಲಿಲ್ಲ. ಒಟ್ಟು ಎಷ್ಟು ಕಲಿಯಬಹುದು ಎಂಬ ಮಿತಿಯೊಂದೇ ವೈವಿಧ್ಯವನ್ನು ಹುಟ್ಟಿಸಲಾರದು. ಯಾವುದರ ಜೊತೆ ಯಾವುದು ಕೂಡಿದರೆ ಎಷ್ಟು ಫಲ ಎಂಬುದು ಅದಕ್ಕಿಂತ ದೊಡ್ಡ ಮಾತು.

ಫಲದ ವಕ್ರರೇಖೆ

ಆಟಗಾರರು ಒಂದೇ ವಿದ್ಯೆಯಲ್ಲಿ ಆಳಕ್ಕಿಳಿಯುತ್ತಾರೋ ಹಲವನ್ನು ಸ್ವಲ್ಪ ಸ್ವಲ್ಪ ಕಲಿಯುತ್ತಾರೋ ಎಂಬುದನ್ನು ನಿಯಮಪುಸ್ತಕಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಫಲದ ರೇಖೆ. ಎರಡೇ ಕೌಶಲಗಳಿರುವ, ಹತ್ತು ಅಂಕ ಹಂಚಲು ಅವಕಾಶವಿರುವ ಪುಟ್ಟ ಆಟವೊಂದನ್ನು ಊಹಿಸಿಕೊಳ್ಳಬಹುದು. ಕೌಶಲದಿಂದ ಸಿಗುವ ಫಲ ಅದಕ್ಕೆ ಹಾಕಿದ ಅಂಕವನ್ನು ಅದರಿಂದಲೇ ಗುಣಿಸಿದಷ್ಟು ಎಂದಿರಲಿ. ಹತ್ತೂ ಅಂಕಗಳನ್ನು ಒಂದಕ್ಕೇ ಸುರಿದವರಿಗೆ ಫಲ 100. ಐದೈದು ಹಂಚಿದವರಿಗೆ 25 ಮತ್ತು 25, ಕೂಡಿದರೆ 50. ಇಲ್ಲಿ ಯಾರೂ ಹೇಳದೆಯೇ ಎಲ್ಲರೂ ಒಂದೇ ವಿದ್ಯೆಗೆ ಗಂಟುಬೀಳುತ್ತಾರೆ. ಫಲವು ಅಂಕದ ವರ್ಗಮೂಲದಷ್ಟು ಎಂದು ನಿಯಮ ಬದಲಿಸಿದರೆ ಚಿತ್ರ ತಲೆಕೆಳಗಾಗುತ್ತದೆ. ಒಂದಕ್ಕೇ ಸುರಿದವರಿಗೆ 3.16, ಹಂಚಿದವರಿಗೆ 4.47. ಈಗ ಎಲ್ಲರೂ ಎಲ್ಲವನ್ನೂ ಸ್ವಲ್ಪ ಕಲಿಯುತ್ತಾರೆ. ಅಂಕಗಳ ಮಿತಿ ಎರಡು ಸಲವೂ ಹತ್ತೇ ಇತ್ತು, ಬದಲಾದದ್ದು ರೇಖೆಯ ಬಾಗು ಮಾತ್ರ.

ಜೀವವಿಜ್ಞಾನದಲ್ಲಿ ಇದೇ ತರ್ಕ ಜೀವಕೋಶಗಳ ನಡುವಿನ ಕೆಲಸದ ಹಂಚಿಕೆಯನ್ನು ವಿವರಿಸಲು ಬಳಕೆಯಾಗುತ್ತದೆ. ಕೆರೆ ನೀರಿನಲ್ಲಿ ಕಾಣುವ ಕ್ಲಾಮಿಡೊಮೊನಾಸ್ ಎಂಬ ಒಂಟಿ ಕೋಶದ ಹಸಿರು ಪಾಚಿಗೆ ಎರಡು ಕೆಲಸ. ಚಾವಟಿಯಂಥ ಎರಡು ಎಳೆಗಳನ್ನು ಬಡಿದು ಈಜಬೇಕು, ತಾನೇ ಒಡೆದು ಸಂತತಿ ಬೆಳೆಸಬೇಕು. ಎರಡೂ ಅದಕ್ಕೆ ಗೊತ್ತು, ಆದರೆ ಒಟ್ಟಿಗೆ ಮಾಡಲಾಗದು. ಒಡೆಯುವ ಮೊದಲು ಅದು ಚಾವಟಿಗಳನ್ನು ಒಳಗೆಳೆದುಕೊಳ್ಳುತ್ತದೆ, ಈಜು ನಿಲ್ಲುತ್ತದೆ. ಅದರ ಬಂಧುವಾದ ವಾಲ್ವಾಕ್ಸ್ ಕಾರ್ಟೆರಿ ಈ ತೊಡಕನ್ನು ಕೆಲಸ ಹಂಚಿ ಬಿಡಿಸಿಕೊಂಡಿದೆ. ಅದರ ಗೋಳದಂಥ ದೇಹದಲ್ಲಿ ಸುಮಾರು 2,000 ಸಣ್ಣ ಕೋಶಗಳು ಈಜುವುದಕ್ಕಷ್ಟೇ ಮೀಸಲು, ಸುಮಾರು 16 ದೊಡ್ಡ ಕೋಶಗಳು ಸಂತತಿಗಷ್ಟೇ. ಒಂದು ಕೋಶ ಎರಡು ಕೆಲಸ ಬಲ್ಲದ್ದಾದರೂ ಒಂದು ಹೊತ್ತಿನಲ್ಲಿ ಒಂದನ್ನಷ್ಟೇ ಮಾಡಬಲ್ಲದು ಎಂಬ ಕಟ್ಟಿನಿಂದಲೇ ಹಂಚಿಕೆಯ ಲಾಭ ಹುಟ್ಟುತ್ತದೆ. ಎಷ್ಟು ಬಲ್ಲರು ಎಂಬುದು ಒಂದು ಮಿತಿ, ಒಂದು ಗಳಿಗೆಯಲ್ಲಿ ಎಷ್ಟನ್ನು ಬಳಸಬಲ್ಲರು ಎಂಬುದು ಇನ್ನೊಂದು. ಆಟಗಳ ಚರ್ಚೆಯಲ್ಲಿ ಇವೆರಡನ್ನೂ ಕಲಸಿಬಿಡುವುದರಿಂದ ಬಹಳಷ್ಟು ಗೊಂದಲ ಉಂಟಾಗಿದೆ.

ಮಗ್ಗದೂರಿನಲ್ಲಿ ಕೆಲಸದ ಹಂಚಿಕೆ

ಬೆಂಗಳೂರಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಇಲ್ಲಿ ರೇಷ್ಮೆ ಮತ್ತು ಕೃತಕ ರೇಷ್ಮೆ ಸೀರೆಗಳನ್ನು ನೇಯುತ್ತಾರೆ. ಆಟದ ಲೋಕದಲ್ಲಿ ನಿಯಮದಿಂದ ತರಬೇಕಾದ ಹಂಚಿಕೆ ಇಲ್ಲಿ ಯಾವ ಲಿಖಿತ ನಿಯಮವೂ ಇಲ್ಲದೆ ನೆಲೆಗೊಂಡಿದೆ. ಅದು ಹೇಗೆ ನೆಲೆಗೊಂಡಿತು ಎಂಬುದರಲ್ಲಿ ಆಟ ಕಟ್ಟುವವರಿಗೂ ವಿಷಯವಿದೆ.

ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯುವ ಹೊತ್ತಿಗೆ ಅದು ಅನೇಕ ಕೈ ದಾಟಿರುತ್ತದೆ. ಶಿಡ್ಲಘಟ್ಟ, ರಾಮನಗರದಂಥ ಊರುಗಳಲ್ಲಿ ರೀಲರ್‌ಗಳು ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಆ ನೂಲಿಗೆ ಹುರಿ ಹಾಕುವವರು ಬೇರೆ. ಹುರಿಯಾದ ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ, ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟಿರುವ ಅಂಟನ್ನು ತೆಗೆದು ಬಣ್ಣ ಹಾಕುವವರು ಬೇರೆ. ಸಾವಿರಾರು ಎಳೆಗಳನ್ನು ಒಂದೇ ಬಿಗುವಿನಲ್ಲಿ ಸುತ್ತಿ ಹಾಸು ಮಾಡುವವರ ಬಳಿ ದೊಡ್ಡ ಉರುಳೆಯ ಯಂತ್ರವಿರುತ್ತದೆ. ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಸೇರಿಸಿ ಕೆಚ್ಚುವುದು ಇನ್ನೊಂದು ಕೆಲಸ, ಬೆರಳ ತುದಿಯ ಚುರುಕು ಬೇಡುವ ಕೆಲಸ. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ಹೊಕ್ಕಿನ ನೂಲು ಸುತ್ತುವುದನ್ನು ಮನೆಯ ಹೆಂಗಸರು, ಹಿರಿಯರು ಮಾಡುವುದು ರೂಢಿ. ಅಂಚು ಸೆರಗುಗಳ ಚಿತ್ತಾರ ಬರೆಯುವವರು, ಅದಕ್ಕೆ ತಕ್ಕಂತೆ ಜಕಾರ್ಡ್ ಕಾರ್ಡುಗಳಿಗೆ ತೂತು ಹೊಡೆಯುವವರು, ಮಗ್ಗ ಕೆಟ್ಟಾಗ ರಿಪೇರಿ ಮಾಡುವ ಮೆಕ್ಯಾನಿಕ್‌ಗಳು, ಕೊನೆಗೆ ಸೀರೆಯನ್ನು ಕೊಂಡು ಪೇಟೆಗೆ ಮುಟ್ಟಿಸುವ ವ್ಯಾಪಾರಿಗಳು. ನಡುವೆ ಮಗ್ಗದ ಮುಂದೆ ನಿಂತ ನೇಕಾರರು.

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇವುಗಳಲ್ಲಿ ಹಲವು ಕೆಲಸ ಗೊತ್ತಿರುತ್ತದೆ. ನೇಯುವವರು ಕಂಡಿಕೆ ಸುತ್ತಬಲ್ಲರು, ತುಂಡಾದ ಎಳೆ ಕೆಚ್ಚಬಲ್ಲರು, ಸಣ್ಣಪುಟ್ಟ ರಿಪೇರಿಯನ್ನೂ ಮಾಡಿಕೊಳ್ಳಬಲ್ಲರು. ಬಲ್ಲವರೂ ಎಲ್ಲವನ್ನೂ ತಾವೇ ಮಾಡುವುದಿಲ್ಲ. ಹಾಸಿನ ಯಂತ್ರ ಅನೇಕ ಮಗ್ಗಗಳಿಗಾಗುವಷ್ಟು ಹಾಸು ಸುತ್ತುತ್ತದೆ, ಎರಡು ಮಗ್ಗದ ಮನೆಯವರು ಅದನ್ನು ಕೊಂಡಿಟ್ಟರೆ ವರ್ಷದ ಬಹುಪಾಲು ದಿನ ಅದು ಸುಮ್ಮನೆ ನಿಲ್ಲುತ್ತದೆ. ಬಣ್ಣಕ್ಕೆ ಒಲೆ, ತೊಟ್ಟಿ, ಸಾಕಷ್ಟು ನೀರು ಬೇಕು, ಒಂದು ಮನೆಯ ನೂಲಿಗಾಗಿ ಅದೆಲ್ಲ ಹೂಡುವುದು ನಷ್ಟ. ಜೊತೆಗೆ ನೇಕಾರರು ಮಗ್ಗ ಬಿಟ್ಟು ಹೋದಷ್ಟು ಹೊತ್ತೂ ಮಗ್ಗ ನಿಂತಿರುತ್ತದೆ. ಉಪಕರಣದ ಬೆಲೆ, ದಿನದ ಉದ್ದ, ಎರಡೇ ಕೈ ಎಂಬ ಸಂಗತಿಗಳು ಇಲ್ಲಿ ಗೆರೆ ಎಳೆದಿವೆ.

ಕಂಪ್ಯೂಟರಿನ ಲೋಕದಲ್ಲಿ ಇವು ಯಾವುವೂ ತಾವಾಗಿ ಇರುವುದಿಲ್ಲ. ಅಲ್ಲಿ ಒಂದು ಕ್ಲಿಕ್ಕಿಗೆ ಕತ್ತಿ ಸಿದ್ಧವಾಗಬಹುದು, ಕುಲುಮೆ ಸುಮ್ಮನೆ ನಿಂತರೆ ಯಾರಿಗೂ ನಷ್ಟವಿಲ್ಲ, ಪಾತ್ರಕ್ಕೆ ಆಯಾಸವಿಲ್ಲ. ದೊಡ್ಡಬಳ್ಳಾಪುರದಲ್ಲಿ ಯಂತ್ರದ ಬೆಲೆ ಮತ್ತು ಹಗಲಿನ ಗಂಟೆಗಳು ಮಾಡುವ ಕೆಲಸವನ್ನು ಆಟದಲ್ಲಿ ಬೇಕೆಂದೇ ಬರೆದು ಸೇರಿಸಬೇಕು. ಆಟಗಳಲ್ಲಿ ಕೌಶಲಮಿತಿಯ ಪ್ರಶ್ನೆ ಏಳುವುದೇ ಈ ಕೊರತೆಯಿಂದ.

ಕಾಲಕ್ಕೆ ಬೆಲೆಯಿದ್ದರೆ ಮಿತಿಯ ನಿಯಮವಿಲ್ಲದೆಯೂ ವಿನಿಮಯ ನಡೆಯುತ್ತದೆ ಎಂಬುದನ್ನು ಡೇವಿಡ್ ರಿಕಾರ್ಡೊ 1817ರಲ್ಲೇ ಇಂಗ್ಲೆಂಡ್ ಮತ್ತು ಪೋರ್ಚುಗಲ್ಲಿನ ಬಟ್ಟೆ ಹಾಗೂ ದ್ರಾಕ್ಷಾರಸದ ಉದಾಹರಣೆಯಿಂದ ತೋರಿಸಿದ್ದರು. ಅದನ್ನು ಆಟಕ್ಕೆ ಹೀಗೆ ಹೊಂದಿಸಬಹುದು. ಹಳೆಯ ಆಟಗಾರರೊಬ್ಬರು ಗಂಟೆಗೆ 6 ಕತ್ತಿ ಅಥವಾ 6 ಶೀಶೆ ಔಷಧ ಮಾಡಬಲ್ಲರು. ಹೊಸಬರು ಗಂಟೆಗೆ 1 ಕತ್ತಿ ಅಥವಾ 3 ಶೀಶೆ ಔಷಧವಷ್ಟೇ ಮಾಡಬಲ್ಲರು. ಎರಡರಲ್ಲೂ ಹಳಬರೇ ಮೇಲು. ಆದರೂ ಹಳಬರು ಒಂದು ಗಂಟೆಯಲ್ಲಿ 6 ಕತ್ತಿ ಮಾಡಿ, ಎರಡನ್ನು ಹೊಸಬರಿಗೆ ಕೊಟ್ಟು ನಾಲ್ಕು ಶೀಶೆ ಔಷಧ ಪಡೆದರೆ ಅವರ ಬಳಿ 4 ಕತ್ತಿ, 4 ಔಷಧ ಉಳಿಯುತ್ತದೆ. ತಾವೊಬ್ಬರೇ ಮಾಡಿದ್ದರೆ 4 ಕತ್ತಿಯ ಜೊತೆಗೆ 2 ಔಷಧ ಮಾತ್ರ ಆಗುತ್ತಿತ್ತು. ಹೊಸಬರು 1 ಗಂಟೆ 20 ನಿಮಿಷ ದುಡಿದು ನಾಲ್ಕು ಔಷಧ ಮಾಡಿ ಎರಡು ಕತ್ತಿ ಪಡೆದರು, ಅವನ್ನು ತಾವೇ ಮಾಡಲು 2 ಗಂಟೆ ಹಿಡಿಯುತ್ತಿತ್ತು. ಇಬ್ಬರಿಗೂ ಲಾಭ. ತಯಾರಿಕೆಗೆ ಸಮಯ ಹಿಡಿಯದ ಆಟದಲ್ಲಿ ಈ ಲಾಭ ಸೊನ್ನೆಯಾಗುತ್ತದೆ, ಹೊಸಬರನ್ನು ಕೇಳುವವರೇ ಇರುವುದಿಲ್ಲ.

ಪ್ರಮಾಣ ತಪ್ಪಿದಾಗ

ವರ್ಗಗಳನ್ನು ಬಿಗಿಯಾಗಿ ಕಟ್ಟಿದ ಆಟಗಳ ಪೈಕಿ 1999ರ ‘ಎವರ್‌ಕ್ವೆಸ್ಟ್’ ಪ್ರಸಿದ್ಧ. ಆರಂಭದಲ್ಲಿ ಅದರಲ್ಲಿ 14 ವರ್ಗಗಳಿದ್ದವು. ಹೆಚ್ಚಿನವುಗಳಿಗೆ ಒಂಟಿಯಾಗಿ ಮುಂದೆ ಸಾಗುವುದು ಬಹಳ ಕಷ್ಟ. ಪೆಟ್ಟು ತಿನ್ನುವ ಯೋಧರು, ವಾಸಿಮಾಡುವ ಅರ್ಚಕರು, ಶತ್ರುಗಳನ್ನು ಮಂತ್ರದಿಂದ ತಡೆದಿಡುವ ಮೋಡಿಗಾರರು ಈ ಮೂವರಿಲ್ಲದೆ ತಂಡ ಹೊರಡುತ್ತಿರಲಿಲ್ಲ. ಪರಸ್ಪರ ಅವಲಂಬನೆಯಿಂದ ಗಟ್ಟಿಯಾದ ಸ್ನೇಹಗಳು ಬೆಳೆದವು, ಆ ಕಾಲದ ಆಟಗಾರರು ಅದನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಅದೇ ಅವಲಂಬನೆಯಿಂದ ಅರ್ಚಕರೊಬ್ಬರಿಗಾಗಿ ಗಂಟೆಗಟ್ಟಲೆ ಕಾಯುವುದೂ ಬಂತು.

ಈ ಕಾಯುವಿಕೆ ಯಾರ ಸೋಮಾರಿತನದಿಂದಲೂ ಆಗುವುದಿಲ್ಲ, ಅದು ಶುದ್ಧ ಅಂಕಗಣಿತ. 2004ರ ನವೆಂಬರ್‌ನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಐವರ ತಂಡದ ರೂಢಿಯ ಜೋಡಣೆ ಹೀಗೆ: ಪೆಟ್ಟು ತಡೆಯುವ ಟ್ಯಾಂಕ್ ಒಬ್ಬರು, ಗಾಯ ವಾಸಿಮಾಡುವ ಹೀಲರ್ ಒಬ್ಬರು, ಹೊಡೆಯುವವರು ಮೂವರು. ಎಲ್ಲರಿಗೂ ತಂಡ ಸಿಗಬೇಕಾದರೆ ಆಟಗಾರರಲ್ಲಿ ಶೇಕಡಾ 20 ಮಂದಿ ಟ್ಯಾಂಕ್ ಆಗಿರಬೇಕು. ನೂರು ಜನರಲ್ಲಿ ಹತ್ತೇ ಮಂದಿ ಆ ಹೊಣೆ ಹೊತ್ತರೆ ಹತ್ತೇ ತಂಡ ಕಟ್ಟಬಹುದು, ಐವತ್ತು ಜನ ಆಡುತ್ತಾರೆ, ಐವತ್ತು ಜನ ಕಾಯುತ್ತಾರೆ. ಟ್ಯಾಂಕ್ ಆಗುವವರಿಗೆ ಹೊಣೆ ಹೆಚ್ಚು, ತಪ್ಪಿದರೆ ಬೈಗುಳ ಹೆಚ್ಚು. ಆ ಜಾಗಕ್ಕೆ ಬರುವವರು ಕಡಿಮೆಯಾಗಲು ಇದೇ ಕಾರಣ. ದೊಡ್ಡಬಳ್ಳಾಪುರದಲ್ಲೂ ಹಾಸು ಮಾಡುವವರು ಊರಲ್ಲಿಲ್ಲದಿದ್ದರೆ ಹಾಸು ಮುಗಿದ ಮಗ್ಗಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಸಂಖ್ಯೆಯಲ್ಲಿ ಕಡಿಮೆಯಿರುವ ಕಸುಬಿನವರ ಮೇಲೆ ಇಡೀ ಸರಪಳಿಯ ವೇಗ ನಿಂತಿರುತ್ತದೆ. ಊರಿನಲ್ಲಿ ಆ ಕೊರತೆ ಮುಂದುವರಿದರೆ ಕೂಲಿ ಏರುತ್ತದೆ, ಏರಿದ ಕೂಲಿ ಕಂಡು ಹೊಸಬರು ಆ ಕೆಲಸ ಕಲಿಯುತ್ತಾರೆ.

ವಾರ್‌ಕ್ರಾಫ್ಟ್ ಕಟ್ಟಿದ ಬ್ಲಿಜಾರ್ಡ್ ಸಂಸ್ಥೆ ಇದೇ ಪರಿಹಾರಕ್ಕೆ ಸುತ್ತುಬಳಸಿ ಬಂತು. 2009ರ ಏಪ್ರಿಲ್‌ನಲ್ಲಿ ಒಂದು ಪಾತ್ರ ಎರಡು ಬಗೆಯ ಪರಿಣತಿಗಳನ್ನು ಇಟ್ಟುಕೊಂಡು ಅದಲುಬದಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಹೊಡೆಯುವವರೇ ಬೇಕಾದಾಗ ಹೀಲರ್ ಆಗತೊಡಗಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಂಡ ಹೊಂದಿಸಿಕೊಡುವ ವ್ಯವಸ್ಥೆ ಬಂತು. 2011ರಲ್ಲಿ ಕೊರತೆಯಿರುವ ಹೊಣೆಯನ್ನು ಒಪ್ಪಿಕೊಂಡವರಿಗೆ ಹೆಚ್ಚುವರಿ ಬಹುಮಾನ ಕೊಡುವ ಏರ್ಪಾಟು ಸೇರಿತು. ಅದು ಕೂಲಿ ಏರಿಸಿದ್ದಕ್ಕೆ ಸಮ. ಬಿಗಿ ವರ್ಗಗಳನ್ನು ಇಟ್ಟುಕೊಳ್ಳುವ ಯಾವ ಆಟವೂ ಬದಲಾಯಿಸುವ ಸ್ವಾತಂತ್ರ್ಯ ಅಥವಾ ಕೊರತೆಗೆ ತಕ್ಕ ಸಂಬಳ, ಇವೆರಡರಲ್ಲಿ ಒಂದನ್ನಾದರೂ ಕೊಡಲೇಬೇಕು. ಎರಡೂ ಇಲ್ಲದಿದ್ದರೆ ಮಿತಿಯ ಭಾರವೆಲ್ಲ ಕಾಯುವವರ ತಲೆಯ ಮೇಲೆ ಬೀಳುತ್ತದೆ.

ಮಿತಿಯನ್ನು ತಪ್ಪಿಸಿಕೊಳ್ಳುವ ದಾರಿಯೂ ಇತ್ತು. ಅಲ್ಟಿಮಾದಲ್ಲಿ ಒಂದು ಖಾತೆಯಲ್ಲಿ ಹಲವು ಪಾತ್ರಗಳನ್ನು ಸಾಕಬಹುದಿತ್ತು. ಒಂದು ಪಾತ್ರ ಕಾಳಗಕ್ಕೆ, ಇನ್ನೊಂದು ಕಮ್ಮಾರಿಕೆಗೆ, ಮತ್ತೊಂದು ಹೊಲಿಗೆಗೆ. ಪಾತ್ರಕ್ಕೆ ಏಳು ಕೌಶಲವಾದರೂ ಐದು ಪಾತ್ರವುಳ್ಳವರಿಗೆ ಮೂವತ್ತೈದು ಕೌಶಲ. ಪಾತ್ರಕ್ಕೆ ಹಾಕಿದ ಕಟ್ಟು ಮನುಷ್ಯರನ್ನು ಕಟ್ಟಲಿಲ್ಲ, ಬೇಸರದ ದುಡಿಮೆಯನ್ನು ಐದು ಪಟ್ಟು ಮಾಡಿತು. ಅಲ್ಟಿಮಾದಲ್ಲಿ ದುಡಿದ ರಾಫ್ ಕೋಸ್ಟರ್ ಮುಂದೆ 2003ರ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟದ ಸೃಜನ ನಿರ್ದೇಶಕರಾದಾಗ ಅಲ್ಲಿ ಒಂದು ಸರ್ವರ್‌ನಲ್ಲಿ ಒಂದು ಖಾತೆಗೆ ಒಂದೇ ಪಾತ್ರ ಎಂಬ ನಿಯಮವಿತ್ತು. ಆ ಪಾತ್ರಕ್ಕೆ 250 ಕೌಶಲಾಂಕ, ಹಂಚಿಕೊಳ್ಳಲು ಮೂವತ್ತಕ್ಕೂ ಹೆಚ್ಚು ವೃತ್ತಿಗಳು. ನರ್ತಕರು, ವಾದ್ಯಗಾರರು ಕೂಡ ಅಲ್ಲಿ ಅಲಂಕಾರಕ್ಕಿರಲಿಲ್ಲ. ಕಾಳಗದ ದಣಿವನ್ನು ನೀಗಲು ಯೋಧರು ಅವರ ಬಳಿಗೇ ಬರಬೇಕಿತ್ತು. ಕತ್ತಿ ಹಿಡಿಯಲು ಮನಸ್ಸಿಲ್ಲದವರಿಗೂ ಆ ಲೋಕದಲ್ಲಿ ಗೌರವದ ಬದುಕು ಸಿಕ್ಕಿತು. ಕೌಶಲಮಿತಿ ಎಷ್ಟು ಚೆನ್ನಾಗಿ ಕೆಲಸ ಮಾಡಬಹುದು ಎನ್ನುವುದಕ್ಕೆ ಇಷ್ಟು ಒಳ್ಳೆಯ ನಿದರ್ಶನ ಇನ್ನೊಂದು ಸಿಗುವುದು ಕಷ್ಟ.

ಅದು ಉಳಿಯಲಿಲ್ಲ. 2005ರ ನವೆಂಬರ್‌ನಲ್ಲಿ ಆಡಳಿತವು ಆ ಮೂವತ್ತು ಚಿಲ್ಲರೆ ವೃತ್ತಿಗಳನ್ನು 9 ವರ್ಗಗಳಿಗೆ ಇಳಿಸಿತು, ಆಟದ ಆರಂಭದಲ್ಲೇ ಒಂದನ್ನು ಆರಿಸಿಕೊಳ್ಳಿ ಎಂದಿತು. ತಿಂಗಳುಗಟ್ಟಲೆ ಶ್ರಮಪಟ್ಟವರಿಗಷ್ಟೇ ಒಲಿಯುತ್ತಿದ್ದ ‘ಜೆಡೈ’ ಎಂಬ ಅಪರೂಪದ ಯೋಧ ಪದವಿ ಮೊದಲ ದಿನವೇ ಯಾರಿಗೆ ಬೇಕಾದರೂ ಸಿಗತೊಡಗಿತು. ಪ್ರಾಣಿ ಪಳಗಿಸುವ ವೃತ್ತಿ ಇಲ್ಲವಾಯಿತು. ತಮ್ಮದೇ ಬೆರಕೆಯಲ್ಲಿ ಬೆಳೆಸಿದ ಪಾತ್ರ ರಾತ್ರೋರಾತ್ರಿ ಬೇರೆಯವರದಾದಂತೆ ಕಂಡು ಬಹಳ ಜನ ಬಿಟ್ಟುಹೋದರು. 2011ರ ಡಿಸೆಂಬರ್ 15ರಂದು ಸರ್ವರ್‌ಗಳು ಮುಚ್ಚಿದವು. ಆಯ್ಕೆಗಳನ್ನು ಕಡಿಮೆ ಮಾಡಿದ್ದಕ್ಕಿಂತ ಹೆಚ್ಚಾಗಿ, ಜನ ಆಗಲೇ ಮಾಡಿಕೊಂಡಿದ್ದ ಆಯ್ಕೆಯನ್ನು ಕಿತ್ತುಕೊಂಡದ್ದು ಅವರನ್ನು ನೋಯಿಸಿತು.

ಕೆಲಸಕ್ಕೆ ಕಟ್ಟು, ಕೆಲಸಗಾರರಿಗೆ ಕಟ್ಟು

ಈ ದೇಶದಲ್ಲಿ ಕಸುಬಿನ ಮಿತಿಯ ಬಗ್ಗೆ ಬರೆಯುವಾಗ ಒಂದು ಸಂಗತಿಯನ್ನು ಬದಿಗಿಡಲು ಬರುವುದಿಲ್ಲ. ನೇಯ್ಗೆಯು ದೇವಾಂಗ, ಪದ್ಮಶಾಲಿ, ಕುರುಹಿನಶೆಟ್ಟಿ ಮೊದಲಾದ ಸಮುದಾಯಗಳ ಕುಲಕಸುಬಾಗಿ ಬಂದದ್ದು. ಯಾರು ನೇಯಬೇಕು, ಯಾರು ಕಬ್ಬಿಣ ಕಾಯಿಸಬೇಕು, ಯಾರು ಚರ್ಮ ಹದಮಾಡಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗುತ್ತಿತ್ತು. ಜಾತಿವ್ಯವಸ್ಥೆಯನ್ನು ಶ್ರಮ ವಿಭಜನೆಯೆಂದು ಸಮರ್ಥಿಸುವವರಿಗೆ ಡಾ. ಬಿ.ಆರ್. ಅಂಬೇಡ್ಕರ್ 1936ರ ‘ಜಾತಿ ವಿನಾಶ’ ಕೃತಿಯಲ್ಲಿ ಕೊಟ್ಟ ಉತ್ತರ ಇಲ್ಲಿ ನೇರವಾಗಿ ಹೊಂದುತ್ತದೆ. ಶ್ರಮವನ್ನು ಹಂಚಿಕೊಳ್ಳುವುದು ಬೇರೆ, ಶ್ರಮಿಕರನ್ನೇ ಮೇಲುಕೀಳಿನ ಖಾನೆಗಳಲ್ಲಿ ಕೂಡಿಹಾಕುವುದು ಬೇರೆ ಎಂದು ಅವರು ಬಿಡಿಸಿ ತೋರಿಸಿದರು. ಮೊದಲನೆಯದು ಯಾವ ನಾಗರಿಕ ಸಮಾಜಕ್ಕೂ ಬೇಕು. ಎರಡನೆಯದು ಮನುಷ್ಯರ ಒಲವನ್ನೂ ಸಾಮರ್ಥ್ಯವನ್ನೂ ತುಳಿಯುತ್ತದೆ, ಕಾಲ ಬದಲಾದಾಗ ಕಸುಬು ಬದಲಿಸಲೂ ಬಿಡುವುದಿಲ್ಲ.

ಆಟದ ಕಷ್ಟವನ್ನು ಜಾತಿಯ ನೋವಿಗೆ ಹೋಲಿಸಲು ಎಂದೂ ಆಗದು. ಆಟವನ್ನು ಮುಚ್ಚಿಟ್ಟು ಎದ್ದುಹೋಗಬಹುದು, ಹುಟ್ಟನ್ನು ಹಾಗೆ ಬಿಡಲಾಗದು. ಆದರೆ ಅಂಬೇಡ್ಕರ್ ಎಳೆದ ಗೆರೆ ಎರಡು ಬಗೆಯ ಮಿತಿಗಳನ್ನು ಅಳೆಯಲು ಬೇಕಾದ ಕೋಲನ್ನು ಕೊಡುತ್ತದೆ. ಆಟದ ಬಗ್ಗೆ ಏನೂ ತಿಳಿಯದ ಮೊದಲ ನಿಮಿಷದಲ್ಲಿ ವರ್ಗ ಆರಿಸಿಕೊಳ್ಳಿ, ಮುಂದೆ ಬದಲಿಸುವಂತಿಲ್ಲ ಎನ್ನುವ ನಿಯಮ ಆಟಗಾರರನ್ನು ವಿಭಜಿಸುತ್ತದೆ. ಬೇಕಾದ್ದನ್ನು ಕಲಿಯಿರಿ, ಈ ಕಾಳಗದಲ್ಲಿ ಮಾತ್ರ ಒಂದನ್ನು ಹೊತ್ತುಕೊಳ್ಳಿ ಎನ್ನುವ ನಿಯಮ ಕೆಲಸವನ್ನು ವಿಭಜಿಸುತ್ತದೆ. ಕ್ಲಾಮಿಡೊಮೊನಾಸ್ ಕೋಶದ ಮಿತಿ ಈ ಎರಡನೆಯ ಬಗೆಯದು.

ಎರಡನೆಯ ಬಗೆ ಆಟಗಳಲ್ಲಿ ಆಗಲೇ ಬಳಕೆಯಲ್ಲಿದೆ. 2005ರ ‘ಗಿಲ್ಡ್ ವಾರ್ಸ್’ ಆಟದಲ್ಲಿ ನೂರಾರು ಕೌಶಲಗಳನ್ನು ಸಂಗ್ರಹಿಸಬಹುದಿತ್ತು, ಊರು ಬಿಟ್ಟು ಹೊರಡುವಾಗ ಎಂಟನ್ನು ಮಾತ್ರ ಆರಿಸಿಕೊಳ್ಳಬೇಕಿತ್ತು. 2013ರಲ್ಲಿ ಮರುಹುಟ್ಟು ಪಡೆದ ‘ಫೈನಲ್ ಫ್ಯಾಂಟಸಿ 14’ ಆಟದಲ್ಲಿ ಒಂದೇ ಪಾತ್ರ ಎಲ್ಲ ವೃತ್ತಿಗಳನ್ನೂ ಕೊನೆಯ ಹಂತದವರೆಗೆ ಬೆಳೆಸಬಹುದು. ಕೈಯಲ್ಲಿನ ಆಯುಧ ಅಥವಾ ಸಲಕರಣೆ ಬದಲಿಸಿದರೆ ವೃತ್ತಿಯೂ ಬದಲಾಗುತ್ತದೆ, ಆದರೆ ಒಂದು ಹೊತ್ತಿಗೆ ಒಂದೇ ವೃತ್ತಿ. ತಂಡಕ್ಕೆ ಹೀಲರ್ ಬೇಕೇ ಬೇಕು, ಹೀಲರ್ ಆಗಲು ಮಾತ್ರ ಯಾರೂ ಹೊಸ ಜನ್ಮ ಎತ್ತಬೇಕಾಗಿಲ್ಲ.

2003ರಿಂದ ನಡೆಯುತ್ತಿರುವ ಐಸ್‌ಲ್ಯಾಂಡಿನ ‘ಈವ್ ಆನ್‌ಲೈನ್’ ಕಾಲವನ್ನೇ ಮಿತಿಯಾಗಿಸಿಕೊಂಡಿದೆ. ಅಲ್ಲಿ ವರ್ಗವಿಲ್ಲ, ಚಂದಾ ಕಟ್ಟುವವರ ಕಲಿಕೆಗೆ ಸಂಖ್ಯೆಯ ಕಟ್ಟಿಲ್ಲ. ಕೌಶಲಗಳು ಗಡಿಯಾರದ ಲೆಕ್ಕದಲ್ಲಿ, ಆಟಗಾರರು ನಿದ್ರಿಸುವಾಗಲೂ ಬೆಳೆಯುತ್ತವೆ. ಪ್ರತಿ ಕೌಶಲಕ್ಕೆ ಐದು ಹಂತ. ಅತಿ ಸರಳ ಕೌಶಲಕ್ಕೆ ಒಂದನೆಯ ಹಂತ ಮುಟ್ಟಲು 250 ಅಂಕ ಸಾಕು, ನಾಲ್ಕನೆಯದಕ್ಕೆ 45,255, ಐದನೆಯದಕ್ಕೆ 2,56,000. ಒಟ್ಟು ಅಂಕದಲ್ಲಿ ಶೇಕಡಾ 82ರಷ್ಟು ಕೊನೆಯ ಒಂದೇ ಹಂತಕ್ಕೆ ಹೋಗುತ್ತದೆ, ಆದರೆ ಆ ಹಂತ ಕೊಡುವ ಹೆಚ್ಚಳ ಹಿಂದಿನ ಒಂದೊಂದು ಹಂತದಷ್ಟೇ. ಇದು ವರ್ಗಮೂಲದ ಬಗೆಯ ರೇಖೆ. ಹತ್ತು ವರ್ಷದ ಹಳಬರು ಅಸಂಖ್ಯ ಬಗೆಯ ಹಡಗು ನಡೆಸಬಲ್ಲರು, ಆದರೆ ಒಂದು ಸಲಕ್ಕೆ ಕೂರುವುದು ಒಂದೇ ಹಡಗಿನಲ್ಲಿ. ಕೆಲವು ವಾರಗಳ ಹೊಸಬರು ಅಗ್ಗದ ಪುಟ್ಟ ಹಡಗಿನಲ್ಲಿ ಶತ್ರು ಓಡಿಹೋಗದಂತೆ ಹಿಡಿದಿಡುವ ಒಂದೇ ವಿದ್ಯೆ ಕಲಿತು ದೊಡ್ಡ ಪಡೆಗೂ ಬೇಕಾದವರಾಗುತ್ತಾರೆ. 2016ರಲ್ಲಿ ಒಬ್ಬರ ಕೌಶಲಾಂಕವನ್ನು ತೆಗೆದು ಇನ್ನೊಬ್ಬರಿಗೆ ಮಾರುವ ಅವಕಾಶ ಬಂದ ಮೇಲೆ ಕಾಲದ ಮಿತಿಗೆ ಹಣದ ಕಿಂಡಿ ತೆರೆಯಿತು. ಅದು ಆಟದ ಒಳ್ಳೆಯ ಗುಣವೊಂದನ್ನು ಸಡಿಲಗೊಳಿಸಿದ ತೀರ್ಮಾನ.

ಮಿತಿಯೇ ಇಲ್ಲದ ಲೋಕ ಹಾಳಾಗಿಯೇ ತೀರುತ್ತದೆ ಎನ್ನುವ ಮಾತನ್ನು ‘ರೂನ್‌ಸ್ಕೇಪ್’ ಅಲ್ಲಗಳೆಯುತ್ತದೆ. 2001ರಲ್ಲಿ ಇಂಗ್ಲೆಂಡಿನ ಗವರ್ ಸಹೋದರರು ಶುರುಮಾಡಿದ ಈ ಆಟದಲ್ಲಿ ಒಂದು ಪಾತ್ರ ಎಲ್ಲ ಕೌಶಲಗಳನ್ನೂ 99ನೆಯ ಹಂತಕ್ಕೆ ಒಯ್ಯಬಹುದು. ಬಹುತೇಕ ಪ್ರತಿಯೊಂದಕ್ಕೂ 1,30,34,431 ಅನುಭವಾಂಕ ಬೇಕು, 92ನೆಯ ಹಂತ ತಲುಪಿದಾಗ ದಾರಿ ಅರ್ಧ ಸವೆದಿರುತ್ತದೆ ಅಷ್ಟೇ. ಇಷ್ಟು ಉದ್ದದ ದಾರಿಯೇ ಮಿತಿಯ ಕೆಲಸ ಮಾಡುತ್ತದೆ. ಎಲ್ಲರೂ ಒಂದೊಂದು ಕಾಲಕ್ಕೆ ಒಂದೊಂದರಲ್ಲಿ ಮುಂದಿರುವುದರಿಂದ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಅಲ್ಲಿನ ಕೆಲವರು ಬೇರೆಯವರಿಂದ ಏನನ್ನೂ ಪಡೆಯದೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ವ್ರತ ಹಿಡಿದಿದ್ದರು, 2014ರಲ್ಲಿ ಆಟ ಅದನ್ನು ‘ಐರನ್‌ಮ್ಯಾನ್’ ಎಂಬ ಅಧಿಕೃತ ವಿಧಾನವಾಗಿ ಒಪ್ಪಿಕೊಂಡಿತು. ಬಲವಂತದ ಕಟ್ಟನ್ನು ದ್ವೇಷಿಸುವ ಆಟಗಾರರು ತಾವೇ ಹಾಕಿಕೊಂಡ ಕಟ್ಟನ್ನು ಹೆಮ್ಮೆಯಿಂದ ಹೊರುತ್ತಾರೆ.

ಬದಲಾವಣೆಯ ಬೆಲೆ

ಕಲಿಕೆಯನ್ನು ಬಿಟ್ಟು ಬಳಕೆಗೆ ಮಿತಿ ಹಾಕುವುದೆಂದು ಒಪ್ಪಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಒಂದು ವೃತ್ತಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಬೆಲೆ ತೆರಬೇಕು? ಬೆಲೆ ಸೊನ್ನೆಯಾದರೆ, ಅದೂ ಕಾಳಗದ ನಡುವೆಯೇ ಬದಲಿಸಬಹುದಾದರೆ, ಒಬ್ಬರೇ ಕ್ಷಣಕ್ಕೊಂದು ವೇಷ ಹಾಕಿ ಐವರ ಕೆಲಸ ಮಾಡಿಬಿಡುತ್ತಾರೆ, ಮಿತಿ ಹೆಸರಿಗಷ್ಟೇ ಉಳಿಯುತ್ತದೆ. ಬೆಲೆ ವಿಪರೀತವಾದರೆ ಬದಲಾವಣೆ ಹೊಸ ಜನ್ಮದಷ್ಟೇ ದೂರವಾಗುತ್ತದೆ. ವಾರ್‌ಕ್ರಾಫ್ಟ್‌ನ ಆರಂಭದ ದಿನಗಳಲ್ಲಿ ಪರಿಣತಿ ಬದಲಿಸಲು ಮೊದಲ ಸಲ 1 ಚಿನ್ನದ ನಾಣ್ಯ ಕೊಡಬೇಕಿತ್ತು, ಮತ್ತೆ ಮತ್ತೆ ಬದಲಿಸಿದಂತೆ ಅದು 50 ನಾಣ್ಯದವರೆಗೆ ಏರುತ್ತಿತ್ತು. ಆಗಿನ ಸಾಮಾನ್ಯ ಆಟಗಾರರಿಗೆ ಅದು ದೊಡ್ಡ ಮೊತ್ತ. ಜನ ಪ್ರಯೋಗ ಮಾಡುವುದನ್ನು ಬಿಟ್ಟು, ಯಾರೋ ಪರೀಕ್ಷಿಸಿ ಒಳ್ಳೆಯದೆಂದು ಸಾರಿದ ಒಂದೇ ಜೋಡಣೆಯನ್ನು ನಕಲು ಮಾಡತೊಡಗಿದರು.

ಮಗ್ಗದಲ್ಲೂ ಬದಲಾವಣೆಗೆ ಬೆಲೆಯಿದೆ. ಒಂದು ಹಾಸಿನಲ್ಲಿ ಹಲವು ಸೀರೆ ನೇಯಲಾಗುತ್ತದೆ. ಹೊಕ್ಕಿನ ಬಣ್ಣ ಬದಲಿಸಲು ಲಾಳಿಯ ಕಂಡಿಕೆ ಬದಲಿಸಿದರೆ ಸಾಕು. ಚಿತ್ತಾರ ಬದಲಿಸಲು ಜಕಾರ್ಡ್ ಕಾರ್ಡುಗಳ ಸರಮಾಲೆಯನ್ನೇ ಇಳಿಸಿ ಬೇರೆ ಏರಿಸಬೇಕು. ಹಾಸನ್ನೇ ಬದಲಿಸಬೇಕಾದರೆ ಸಾವಿರಾರು ಎಳೆಗಳನ್ನು ಮತ್ತೆ ಕೆಚ್ಚಬೇಕು. ಹಾಗಾಗಿ ನೇಕಾರರು ಬಣ್ಣವನ್ನು ಸಲೀಸಾಗಿ, ಚಿತ್ತಾರವನ್ನು ಯೋಚಿಸಿ, ಹಾಸನ್ನು ಮುಗಿದ ಮೇಲಷ್ಟೇ ಬದಲಿಸುತ್ತಾರೆ. ಮೂರು ಪದರಕ್ಕೆ ಮೂರು ಬೆಲೆ.

ಆಟಗಳೂ ಈಚೆಗೆ ಇಂಥ ಪದರಗಳ ಕಡೆಗೆ ಸರಿಯುತ್ತಿವೆ. ವಾರ್‌ಕ್ರಾಫ್ಟ್ 2012ರಲ್ಲಿ ಪರಿಣತಿಗಳು ಕೊಂಬೆಕೊಂಬೆಯಾಗಿ ಹರಡಿದ್ದ ತನ್ನ ಹಳೆಯ ಕೌಶಲವೃಕ್ಷಗಳನ್ನು ಕಿತ್ತು ಕೆಲವೇ ಸಾಲುಗಳ ಸರಳ ಆಯ್ಕೆ ಇಟ್ಟಿತ್ತು. 2022ರ ನವೆಂಬರ್‌ನಲ್ಲಿ ಬಂದ ‘ಡ್ರ್ಯಾಗನ್‌ಫ್ಲೈಟ್’ ವಿಸ್ತರಣೆ ವೃಕ್ಷಗಳನ್ನು ಮರಳಿ ತಂದಿತು, ಈ ಸಲ ಕಾಳಗದ ಹೊರಗೆ ಕೊಂಬೆ ಬದಲಿಸಲು ನಾಣ್ಯ ಕೇಳಲಿಲ್ಲ. ಕಾಳಗದ ನಡುವೆ ಮಾತ್ರ ಅದು ಸಾಧ್ಯವಿಲ್ಲ. ವರ್ಗವನ್ನೇ ಬದಲಿಸುವುದು ಅಲ್ಲಿ ಇನ್ನೂ ಆಗದು, ಅದಕ್ಕೆ ಹೊಸ ಪಾತ್ರವನ್ನೇ ಹುಟ್ಟುಹಾಕಬೇಕು. ಫೈನಲ್ ಫ್ಯಾಂಟಸಿ 14 ಆ ಕೊನೆಯ ಬೀಗವನ್ನೂ ತೆಗೆದ ಮೇಲೂ ಅಲ್ಲಿ ಟ್ಯಾಂಕ್, ಹೀಲರ್‌ಗಳ ತಂಡಗಳು ಎಂದಿನಂತೆ ಕಟ್ಟಿಕೊಳ್ಳುತ್ತಿರುವುದರಿಂದ, ಆ ಬೀಗ ಪರಸ್ಪರ ಅವಲಂಬನೆಗೆ ಅಗತ್ಯವಾಗಿತ್ತು ಎಂಬ ವಾದಕ್ಕೆ ಈಗ ಆಧಾರ ಉಳಿದಿಲ್ಲ.